ಮುಂದಿನ ಚಕ್ರದ ತಪ್ಪಿಗೆ ಹಿಂದಿನ ಚಕ್ರಕ್ಕೆ ಶಿಕ್ಷೆ

ಬೆಂಗಳೂರಿನಲ್ಲಿ ದೊಡ್ಡ ಬೈಕ್‌ಗಳ ಸರ್ವಿಸ್ ಮಾಡುವ ಗ್ಯಾರೇಜ್‌ನಲ್ಲಿ ನನ್ನ ಕೆಲಸ. ಸೇರಿ ಎರಡು ವರ್ಷ ಆಗಿತ್ತು ಅಷ್ಟೇ, ಕೈಗೆ ಮಲ್ಟಿಮೀಟರ್ ಬಂದರೆ ಸಾಕು, ಎಲ್ಲ ಗೊತ್ತು ಅನ್ನೋ ಗತ್ತು. ಆಗ ನಡೆದಿದ್ದು ಇದು.

ಒಂದು 1000 ಸಿಸಿ ಬೈಕ್. ಓನರ್ ಬಂದು ಹೇಳಿದ್ದು ಇಷ್ಟೇ: "ನಂದಿ ಬೆಟ್ಟಕ್ಕೆ ಹೋಗ್ತಿದ್ದೆ. ಥ್ರಾಟಲ್ ಕೊಟ್ರೆ ಗಾಡಿ ಮುಗ್ಗರಿಸತ್ತೆ, ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗೆ. ಪೆಟ್ರೋಲ್ ಸರಿ ಇಲ್ಲ ಅನ್ಸತ್ತೆ." ಪೆಟ್ರೋಲ್ ಅಲ್ಲ. ಸ್ಕ್ಯಾನರ್ ಹಾಕಿದರೆ ಮುಂದಿನ ಚಕ್ರದ ಸ್ಪೀಡ್ ಸೆನ್ಸರ್ ಅಂತ ಕೋಡ್ ಬಂತು. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವುದು) ದೀಪವೂ ಆಗಾಗ ಹತ್ತುತ್ತಿತ್ತಂತೆ, ಅದನ್ನು ಅವರು ಹೇಳಲೇ ಇಲ್ಲ. ಗಾಡಿ ಓಡುತ್ತಿದ್ದರೆ ದೀಪವನ್ನು ಯಾರು ನೋಡುತ್ತಾರೆ ಹೇಳಿ.

ಮುಂದಿನ ಚಕ್ರದ ಸೆನ್ಸರ್ ಕೆಟ್ಟರೆ ಇಂಜಿನ್ ಯಾಕೆ ಮುಗ್ಗರಿಸಬೇಕು? ಟ್ರ್ಯಾಕ್ಷನ್ ಕಂಟ್ರೋಲ್ ಮಾಡುವ ಮುಖ್ಯ ಕೆಲಸ ಹೋಲಿಕೆ. ಹಿಂದಿನ ಚಕ್ರ ಮುಂದಿನದಕ್ಕಿಂತ ತೀರಾ ಜೋರಾಗಿ ತಿರುಗಿದರೆ ಟೈರ್ ಜಾರುತ್ತಿದೆ ಅಂತ ಲೆಕ್ಕ ಹಾಕಿ ಪವರ್ ಕಡಿಮೆ ಮಾಡುತ್ತದೆ. ಈಗ ಮುಂದಿನ ಚಕ್ರದ ಎಣಿಕೆಯೇ ತಪ್ಪಿ ಕಡಿಮೆ ಬಂದರೆ? ಹಿಂದಿನದು ಪಾಪ ನೆಟ್ಟಗೆ ತಿರುಗುತ್ತಿದ್ದರೂ ಜಾರುತ್ತಿರುವ ಹಾಗೆ ಕಾಣುತ್ತದೆ. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಕತ್ತು ಹಿಸುಕುತ್ತದೆ.

ಇಷ್ಟು ನನಗೆ ಗೊತ್ತಿತ್ತು. ಎಡವಿದ್ದು ಮುಂದೆ. ಸೆನ್ಸರ್ ಕನೆಕ್ಟರ್ ಬಿಚ್ಚಿ ಮೀಟರ್‌ನಲ್ಲಿ ಓಮ್, ಅಂದರೆ ವಿದ್ಯುತ್ ತಡೆ, ನೋಡಿದೆ. ಒಳಗೆ ತಂತಿ ಕಡಿದ ಹಾಗೆ ಓಪನ್ ತೋರಿಸಿತು. "ಸೆನ್ಸರ್ ಹೋಗಿದೆ ಸಾರ್" ಅಂತ ಹೇಳಿ ಹೊಸದಕ್ಕೆ ಆರ್ಡರ್ ಹಾಕಿಸಿದೆ. ಹೊರದೇಶದಿಂದ ಬರಬೇಕು, ಮೂರು ವಾರ. ಬಂತು, ಹಾಕಿದೆ, ರೋಡ್ ಟೆಸ್ಟ್‌ಗೆ ಹೋದೆ. ಅದೇ ಮುಗ್ಗರಿಕೆ!

ನಮ್ಮ ಸೀನಿಯರ್ ಹತ್ತಿರ ಹೋದೆ. ಅಣ್ಣ ಹಳೇ ಕಾಲದವರು, ಬೈಯುವುದಿಲ್ಲ, ಕೇಳುತ್ತಾರೆ. ಬೈದರೇ ವಾಸಿ ಅನಿಸುತ್ತದೆ.

"ಓಮ್ ಯಾಕೋ ನೋಡ್ದೆ?"

ಹಳೇ ಸೆನ್ಸರ್‌ಗಳ ಒಳಗೆ ಒಂದು ಆಯಸ್ಕಾಂತ, ಸುತ್ತ ತಂತಿಯ ಕಾಯಿಲ್. ಅದಕ್ಕೆ ಓಮ್ ನೋಡಬಹುದು. ಆದರೆ ಚಕ್ರ ನಿಧಾನ ಆದಾಗ ಅದರ ಸಿಗ್ನಲ್ ಸೊರಗಿ ಹೋಗುತ್ತದೆ. ಈಗ ಬರುವ ಎಷ್ಟೋ ಗಾಡಿಗಳಲ್ಲಿ ಇರುವುದು ಆಯಸ್ಕಾಂತ ಕ್ಷೇತ್ರದ ಬದಲಾವಣೆ ಗುರುತಿಸುವ, ಹಾಲ್ (Hall) ಥರದ ಆಕ್ಟಿವ್ ಸೆನ್ಸರ್. ಒಳಗೇ ಸಣ್ಣ ಚಿಪ್ ಇರುತ್ತದೆ, ಕರೆಂಟ್ ಕೊಟ್ಟರೆ ಮಾತ್ರ ಬಾಯಿ ಬಿಡುತ್ತದೆ. ಎರಡು ವೈರ್‌ನ ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿ 7 ಮಿಲಿಆಂಪ್, 14 ಮಿಲಿಆಂಪ್, ಹೀಗೆ ಎರಡು ಮಟ್ಟದ ನಡುವೆ ಕರೆಂಟ್ ಏರಿಳಿಯುತ್ತದೆ. ಅದನ್ನು ಬಿಚ್ಚಿ ಓಮ್ ನೋಡುವುದು, ಮಲಗಿರುವವನ ನಾಡಿ ಹಿಡಿದು ಇವನಿಗೆ ಹಾಡಲು ಬರುತ್ತಾ ಅಂತ ನೋಡಿದ ಹಾಗೆ.

ಆಮೇಲೆ ಅಣ್ಣ ಸಿಗ್ನಲ್ ಅನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಾಕಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಮುಂದಿನ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸು ಅಂದರು. ಸ್ಕ್ರೀನ್ ಮೇಲೆ ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ಗೆರೆಗಳು ಬಂದವು. ಬಂದವು, ಬಂದವು, ಒಂದು ಕಡೆ ಮೂರು ಹಲ್ಲು ಮುರಿದ ಹಾಗೆ ಖಾಲಿ. ಮತ್ತೆ ತಿರುಗಿಸಿದರೆ ಅದೇ ಜಾಗದಲ್ಲಿ ಖಾಲಿ.

"ಸೆನ್ಸರ್ ಯಾವುದನ್ನ ನೋಡ್ತಿದೆಯೋ ಅದನ್ನ ನೀನು ನೋಡಿದ್ಯಾ?"

ನೋಡಿರಲಿಲ್ಲ. ಹಬ್ ಪಕ್ಕ ಕೂತಿರುವ ಎಬಿಎಸ್ ರಿಂಗ್, ಸುತ್ತ ಕಿಂಡಿ ಕೊರೆದ ತೆಳು ತಗಡು. ಇದರಲ್ಲಿ 48 ಕಿಂಡಿ. ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಿದರೆ ಸೆನ್ಸರ್‌ಗೂ ರಿಂಗ್‌ಗೂ ನಡುವೆ ಹೆಚ್ಚುಕಡಿಮೆ 1 ಮಿಲಿಮೀಟರ್ ಸಂದು, ಆ ಒಂದು ಜಾಗದಲ್ಲಿ ಮಾತ್ರ ಅದರ ಎರಡರಷ್ಟಕ್ಕೂ ಜಾಸ್ತಿ. ರಿಂಗ್ ಅಲ್ಲಿ ಬಗ್ಗಿತ್ತು, ದೂರ ಸರಿದ ಕಿಂಡಿಗಳು ಸೆನ್ಸರ್‌ಗೆ ಕಾಣುತ್ತಿರಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಕಣ್ಣಿಗೇ ಕಾಣುತ್ತಿತ್ತು.

ಮುಂದಿನ ಟೈರ್ 120/70-17, ಸುತ್ತಳತೆ ಸುಮಾರು 1.88 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 15 ಸುತ್ತು ಹತ್ತಿರ, ಅಂದರೆ 700 ಚಿಲ್ಲರೆ ಕಿಂಡಿ. ಇಸಿಯು ಲೆಕ್ಕದಲ್ಲಿ ಚಕ್ರ ಪ್ರತಿ ಸೆಕೆಂಡಿಗೆ 15 ಸಲ ಗಕ್ಕನೆ ಎಡವುತ್ತಿತ್ತು. ನಾವು ಮೀಟರ್‌ನಲ್ಲಿ ನೋಡುವ ಸ್ಪೀಡ್ ಕೂಡ ಇದೇ ಥರದ ಎಣಿಕೆ, ಟೈರ್ ಸುತ್ತಳತೆಯಿಂದ ಗುಣಿಸಿದ್ದು. ಅದಕ್ಕೇ ಹಿಂದಿನ ಟೈರ್ 190/50 ಇದ್ದಿದ್ದನ್ನು ಸ್ಟೈಲ್‌ಗೆ ಅಂತ ಅದಕ್ಕಿಂತ ಎತ್ತರದ 190/55 ಮಾಡಿಸಿಕೊಂಡರೆ ಸುತ್ತಳತೆ ಶೇ. 3ರಷ್ಟು ಬದಲಾಗುತ್ತದೆ, ಹಿಂದೆ ಮುಂದೆ ಹೋಲಿಸುವ ಲೆಕ್ಕಕ್ಕೂ ಅದು ತಗಲುತ್ತದೆ. ಅದು ಇನ್ನೊಂದು ದಿನದ ಜಗಳ.

ರಿಂಗ್ ಬಗ್ಗಿಸಿದ್ದು ಯಾರು? ನನಗೆ ಮೊದಲು ಹೊಳೆದಿದ್ದು ರಸ್ತೆಬದಿ ಪಂಕ್ಚರ್ ಅಂಗಡಿ. ಜಾಬ್ ಕಾರ್ಡ್ ತೆಗೆದು ನೋಡಿದೆ. ಈ ದೂರು ಬರುವ ಎರಡು ವಾರ ಮುಂಚೆ ನಮ್ಮಲ್ಲೇ ಮುಂದಿನ ಟೈರ್ ಬದಲಾಗಿತ್ತು. ಸಹಿ ನನ್ನದು. ಚಕ್ರ ಬಿಚ್ಚಿ ಸುಮ್ನೆ ನೆಲದ ಮೇಲೆ ಮಲಗಿಸಿದ್ದು, ರಿಂಗ್ ಇರುವ ಮಗ್ಗುಲು ಕೆಳಗೆ, ಮೇಲಿಂದ ಕೈ ಊರಿದ್ದು, ಎಲ್ಲ ನೆನಪಾಯಿತು.

ಹೊಸ ರಿಂಗ್ ದುಡ್ಡು, ಹೊಸ ಸೆನ್ಸರ್ ದುಡ್ಡು ಎರಡೂ ಬಿಲ್‌ಗೆ ಸೇರಲಿಲ್ಲ. ಆ ಓನರ್‌ಗೆ ನಿಜ ಹೇಳು ಅಂದರು ಅಣ್ಣ, ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೆಟ್ರೋಲ್ ಬಂಕ್‌ನವನ ಹತ್ರ ನಾನು ಜಗಳ ಆಡಿ ಬಂದಿದ್ದೀನಲ್ರೀ" ಅಂದರು.

ಈಗ ಚಕ್ರ ಬಿಚ್ಚಿದರೆ ಎರಡು ಹಳೇ ಟೈರ್ ಹಾಸಿ ಅದರ ಮೇಲೆ ಇಡುತ್ತೇನೆ. ಬಿಚ್ಚಿದ ಆ ಹಳೇ ಸೆನ್ಸರ್ ನನ್ನ ಡ್ರಾಯರ್‌ನಲ್ಲೇ ಇದೆ. ಮೊನ್ನೆ ಕರೆಂಟ್ ಕೊಟ್ಟು ಮುಂದೆ ಒಂದು ಸ್ಪ್ಯಾನರ್ ಆಡಿಸಿದೆ. ಎಣಿಸುತ್ತಿತ್ತು, ಒಂದೂ ತಪ್ಪದೆ.