ಪದಕ ಹೋದ ಮೇಲೆ ಆ ಸ್ಪರ್ಧೆ ಯಾರದ್ದು?

ನಾನು ವೇಟ್‌ಲಿಫ್ಟಿಂಗ್ ಬಗ್ಗೆ ಬರೆದಾಗೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಅಲ್ಲಿ ಅರ್ಧ ಜನ ಡೋಪಿಂಗ್‌ನಲ್ಲಿ ಸಿಕ್ಕಿಬೀಳ್ತಾರೆ. ಇವತ್ತು ಗೆದ್ದವರ ಪದಕ ನಾಲ್ಕು ವರ್ಷ ಬಿಟ್ಟು ಹೋಗುತ್ತೆ. ಇದನ್ನ ಯಾಕೆ ನೋಡ್ತೀರಿ?"

ಕೇಳುವವರದ್ದು ತಪ್ಪಲ್ಲ. ನನ್ನ ಉತ್ತರ ಹೇಳಬೇಕಾದರೆ ಕಜಕಿಸ್ತಾನದ ಸ್ವೆಟ್ಲಾನಾ ಪೊಡೊಬೆಡೊವಾ ಅವರ ಕಥೆಯನ್ನೇ ಹೇಳಬೇಕು.

ಪೊಡೊಬೆಡೊವಾ ಹುಟ್ಟಿದ್ದು ರಷ್ಯಾದಲ್ಲಿ. ಮೊದಲು ಭಾರ ಎತ್ತಿದ್ದೂ ರಷ್ಯಾ ಪರವಾಗಿಯೇ. ಆಮೇಲೆ ಕಜಕಿಸ್ತಾನಕ್ಕೆ ಬಂದರು. 75 ಕೆಜಿಯೊಳಗಿನ ಮೈತೂಕದವರ ವಿಭಾಗದಲ್ಲಿ 2009ರಲ್ಲಿ ಕೊರಿಯಾದ ಗೊಯಾಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದರು, ಮರುವರ್ಷ ಟರ್ಕಿಯ ಅಂಟಾಲ್ಯದಲ್ಲಿ ಮತ್ತೆ ಗೆದ್ದರು. ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರಿಗೆ ಕೊನೆಯವರೆಗೂ ಪೈಪೋಟಿ ಕೊಟ್ಟದ್ದು ರಷ್ಯಾದ ನತಾಲಿಯಾ ಜಬೊಲೊಟ್ನಾಯಾ.

2012ರ ಆಗಸ್ಟ್ 3ರ ಆ ಸ್ಪರ್ಧೆ ನನಗೆ ಇವತ್ತಿಗೂ ರೋಮಾಂಚನ. ಈ ಆಟದಲ್ಲಿ ಎರಡು ಭಾಗ. ಸ್ನ್ಯಾಚ್‌ನಲ್ಲಿ ನೆಲದಿಂದ ನೇರ ತಲೆಯ ಮೇಲಕ್ಕೆ, ಒಂದೇ ಉಸಿರಿಗೆ. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲು ಭುಜಕ್ಕೆ, ಆಮೇಲೆ ಮೇಲಕ್ಕೆ. ಪ್ರತಿಯೊಂದರಲ್ಲೂ ಮೂರು ಅವಕಾಶ. ಎರಡರಲ್ಲಿ ಎತ್ತಿದ ಅತಿ ಹೆಚ್ಚಿನ ಭಾರ ಕೂಡಿಸಿದರೆ ಅದೇ ಒಟ್ಟು. ಸ್ನ್ಯಾಚ್‌ನಲ್ಲಿ ಜಬೊಲೊಟ್ನಾಯಾ 131 ಕೆಜಿ ಎತ್ತಿದರು, ಪೊಡೊಬೆಡೊವಾ 130. ಒಂದೇ ಒಂದು ಕಿಲೋ ಹಿಂದೆ. ಎರಡನೇ ಭಾಗದಲ್ಲಿ ಜಬೊಲೊಟ್ನಾಯಾ 160 ಎತ್ತಿ ಒಟ್ಟು 291ಕ್ಕೆ ಮುಟ್ಟಿದರು. ಪೊಡೊಬೆಡೊವಾ 161 ಎತ್ತಿದರು. ಅವರದ್ದೂ 291!

ಆಗಿನ ನಿಯಮದ ಪ್ರಕಾರ ಒಟ್ಟು ಸಮ ಬಂದರೆ ದೇಹದ ತೂಕ ಕಡಿಮೆ ಇರುವವರು ಗೆದ್ದಂತೆ. ಚಿನ್ನ ಪೊಡೊಬೆಡೊವಾಗೆ ಹೋಯಿತು. ಜಬೊಲೊಟ್ನಾಯಾಗೆ ಇದು ಎರಡನೇ ಪೆಟ್ಟು. 2004ರ ಅಥೆನ್ಸ್‌ನಲ್ಲೂ ಥಾಯ್ಲೆಂಡಿನ ಪವಿನಾ ತೊಂಗ್ಸುಕ್ ಜೊತೆ 272.5ಕ್ಕೆ ಸಮ ಬಂದು, ಇದೇ ಮೈತೂಕದ ಲೆಕ್ಕದಲ್ಲಿ ಚಿನ್ನ ಕಳೆದುಕೊಂಡಿದ್ದರು. ಈಗ ಆ ನಿಯಮ ಇಲ್ಲ. ಸಮ ಬಂದರೆ ಆ ಮೊತ್ತವನ್ನು ಮೊದಲು ಮುಟ್ಟಿದವರಿಗೇ ಗೆಲುವು.

161 ಕೆಜಿ ಅಂದರೆ ಸಿಮೆಂಟಿನ ಮೂರು ಮೂಟೆ, ಮೇಲೆ ಇನ್ನೂ 11 ಕೆಜಿ. ಅದನ್ನು 75 ಕೆಜಿಯೊಳಗಿನ ಹೆಣ್ಣುಮಗಳೊಬ್ಬರು ತಲೆಯ ಮೇಲೆ ಹಿಡಿದು ನಿಂತಿದ್ದರು.

ಲಂಡನ್‌ನಲ್ಲಿ ಕಜಕಿಸ್ತಾನ ವೇಟ್‌ಲಿಫ್ಟಿಂಗ್‌ನಲ್ಲೇ ನಾಲ್ಕು ಚಿನ್ನ ಗೆದ್ದಿತ್ತು. ಜುಲ್ಫಿಯಾ ಚಿನ್‌ಶಾನ್ಲೊ, ಮಯಾ ಮನೇಜಾ, ಪೊಡೊಬೆಡೊವಾ, ಪುರುಷರಲ್ಲಿ ಇಲ್ಯಾ ಇಲಿನ್. 2016ರಲ್ಲಿ ನಾಲ್ಕೂ ಹೋದವು. ಲಂಡನ್‌ನಲ್ಲಿ ತೆಗೆದ ಮಾದರಿಗಳನ್ನು ಹಾಗೇ ಕಾಪಾಡಿ ಇಟ್ಟಿದ್ದರು. ಸ್ಟೀರಾಯ್ಡ್ ದೇಹದಲ್ಲಿ ಕರಗಿದ ಮೇಲೂ ಅದರ ಸಣ್ಣ ಕುರುಹುಗಳು ಬಹಳ ದಿನ ಉಳಿಯುತ್ತವೆ. 2012ರಲ್ಲಿ ಅವನ್ನು ಹಿಡಿಯುವಷ್ಟು ಸೂಕ್ಷ್ಮ ಪರೀಕ್ಷೆ ಇರಲಿಲ್ಲ, ಆಮೇಲೆ ಬಂತು. ಪೊಡೊಬೆಡೊವಾ ಮಾದರಿಯಲ್ಲಿ ಸಿಕ್ಕಿದ್ದು ಸ್ಟಾನೊಜೊಲೊಲ್ ಎಂಬ ಸ್ಟೀರಾಯ್ಡ್. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಓಟಗಾರ ಬೆನ್ ಜಾನ್ಸನ್ ಸಿಕ್ಕಿಬಿದ್ದದ್ದೂ ಇದರಿಂದಲೇ. ಅಷ್ಟು ಹಳೆಯ ಔಷಧ.

ಈಗ ಆ 75 ಕೆಜಿ ವಿಭಾಗದ ಫಲಿತಾಂಶ ನೋಡಿ. ಪೊಡೊಬೆಡೊವಾ ಇಲ್ಲ. ಜಬೊಲೊಟ್ನಾಯಾ ಕೂಡ ಇಲ್ಲ. ಕಂಚು ಗೆದ್ದಿದ್ದ ಬೆಲಾರಸ್‌ನ ಐರಿನಾ ಕುಲೇಶಾ ಸಹ ಇಲ್ಲ. ಮೂವರದ್ದೂ ಹೋಗಿದೆ. ನಾಲ್ಕನೆಯವರಾಗಿದ್ದ ಸ್ಪೇನ್‌ನ ಲಿಡಿಯಾ ವಲೆಂಟಿನ್‌ಗೆ ಚಿನ್ನ. ಐದನೆಯವರಾಗಿದ್ದ ಈಜಿಪ್ಟ್‌ನ ಅಬೀರ್ ಅಬ್ದೆಲ್‌ರಹಮಾನ್‌ಗೆ ಬೆಳ್ಳಿ. ಆರನೆಯವರಾಗಿದ್ದ ಕ್ಯಾಮರೂನ್‌ನ ಮಡಿಯಾಸ್ ನ್ಜೆಸ್ಸೊಗೆ ಕಂಚು. ಅವತ್ತು ಈ ಮೂವರಲ್ಲಿ ಯಾರೂ ಪದಕದ ಮೆಟ್ಟಿಲ ಹತ್ತಿರ ಕೂಡ ಹೋಗಿರಲಿಲ್ಲ.

ವಲೆಂಟಿನ್ ಎತ್ತಿದ್ದು ಒಟ್ಟು 265. ಮೇಲಿನ ಇಬ್ಬರಿಗಿಂತ 26 ಕಿಲೋ ಕಡಿಮೆ. ನಾನು ಜಾಸ್ತಿ ಯೋಚಿಸುವುದು ಈ 26 ಕಿಲೋ ಬಗ್ಗೆ. ಒಂದು ಕಿಲೋಗೆ ಪದಕ ಬದಲಾಗುವ ಆಟದಲ್ಲಿ ಇಷ್ಟು ಅಂತರ ನೋಡಿದಾಗ ನಾವೆಲ್ಲ ಏನಂದುಕೊಂಡೆವು? ಮೇಲಿನ ಇಬ್ಬರು ಅಸಾಮಾನ್ಯರು, ಉಳಿದವರು ಸುಮಾರು, ಅಂತ ಅಲ್ವಾ? ಮತ್ತೆ ಓದಿದಾಗ ಆ 265 ಬೇರೆಯೇ ಆಗಿ ಕಾಣುತ್ತದೆ. ವಲೆಂಟಿನ್ ನಾಲ್ಕು ವರ್ಷ ಬಿಟ್ಟು ರಿಯೊಗೆ ಹೋಗಿ ಕಂಚು ಗೆದ್ದರು, ತಮ್ಮ ಪದಕವನ್ನು ಆ ದಿನವೇ ಕೊರಳಿಗೆ ಹಾಕಿಕೊಂಡರು. ಆ ಕಂಚು ನೋಡಿದರೆ ನನಗೆ ಬಹಳ ಖುಷಿಯಾಗುತ್ತದೆ.

ಮನೇಜಾ ಕಳೆದುಕೊಂಡ 63 ಕೆಜಿ ವಿಭಾಗದ ಚಿನ್ನ ಕೆನಡಾದ ಕ್ರಿಸ್ಟೀನ್ ಜಿರಾರ್ಡ್ ಪಾಲಾಯಿತು. ಅದು ಅವರ ಕೈಗೆ ಬಂದದ್ದು 2018ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಅವರು ಆಟ ಬಿಟ್ಟಾಗಿತ್ತು. ಗೆದ್ದ ರಾತ್ರಿ ಸಿಗಬೇಕಿದ್ದ ಚಪ್ಪಾಳೆ, ಪ್ರಾಯೋಜಕರು, ಮುಂದಿನ ತರಬೇತಿಯ ಹಣ, ಇದನ್ನೆಲ್ಲ ಅಂಚೆಯಲ್ಲಿ ಕಳಿಸುವುದಕ್ಕೆ ಆಗುವುದಿಲ್ಲ.

ಹಾಗಂತ ಕಜಕಿಸ್ತಾನವನ್ನೇ ಕಳ್ಳರ ದೇಶ ಎಂದು ಬಿಡುವವರನ್ನೂ ನಾನು ಒಪ್ಪುವುದಿಲ್ಲ. 2008ರ ಬೀಜಿಂಗ್‌ನಲ್ಲಿ ಇದೇ 75 ಕೆಜಿ ವಿಭಾಗದಲ್ಲಿ ಚೀನಾದ ಕಾವೊ ಲೇ ಗೆದ್ದಿದ್ದರು. ಮರುಪರೀಕ್ಷೆಯಲ್ಲಿ ಅವರೂ ಸಿಕ್ಕಿಬಿದ್ದರು. ಆ ಚಿನ್ನ ಹೋದದ್ದು ಎರಡನೆಯವರಾಗಿದ್ದ ಕಜಕಿಸ್ತಾನದ ಅಲ್ಲಾ ವಜೆನಿನಾಗೆ! ಅಲ್ಲಿ ಬೆಳ್ಳಿಗೆ ಏರಿದ್ದೂ ವಲೆಂಟಿನ್ ಅವರೇ. ಒಂದೇ ದೇಶ, ಒಂದೇ ವಿಭಾಗ. ಒಬ್ಬರು ಮೋಸದಿಂದ ಚಿನ್ನ ಪಡೆದು ಕಳೆದುಕೊಂಡರು, ಇನ್ನೊಬ್ಬರಿಗೆ ಮೋಸದಿಂದ ತಪ್ಪಿದ ಚಿನ್ನ ತಡವಾಗಿ ಬಂತು. ನಮ್ಮವರು ಈ ಎರಡನೆಯ ಹೆಸರನ್ನು ಹೇಳುವುದೇ ಇಲ್ಲ.

ಪೊಡೊಬೆಡೊವಾ ಅವರನ್ನು ನಾನು ಸಮರ್ಥಿಸುತ್ತಿಲ್ಲ. ಔಷಧ ಅವರ ದೇಹದಲ್ಲಿತ್ತು, ಶಿಕ್ಷೆ ಸರಿಯಾಗಿಯೇ ಆಯಿತು. ಆದರೆ ಒಂದು ತಂಡದ ನಾಲ್ಕಕ್ಕೆ ನಾಲ್ಕೂ ಚಿನ್ನ ಒಂದೇ ವರ್ಷದಲ್ಲಿ ಹೋದಾಗ ಅದು ಒಬ್ಬೊಬ್ಬರು ರೂಮಿನಲ್ಲಿ ಕೂತು ಮಾಡಿದ ತಪ್ಪು ಎಂದು ನಂಬುವುದು ನನಗೆ ಕಷ್ಟ. ಕೊನೆಗೆ ಫಲಿತಾಂಶದ ಪಟ್ಟಿಯಲ್ಲಿ ಹೆಸರು ಅಳಿಸಿದ್ದು ಮಾತ್ರ ಎತ್ತಿದವರದ್ದು. 2017ರಲ್ಲಿ ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಫೆಡರೇಷನ್ ಕಜಕಿಸ್ತಾನ, ರಷ್ಯಾ, ಚೀನಾ ಸೇರಿ ಒಂಬತ್ತು ದೇಶಗಳನ್ನು ಒಂದು ವರ್ಷ ಹೊರಗಿಟ್ಟಿತು. ದೇಶಕ್ಕೇ ಬಿಸಿ ಮುಟ್ಟಿದ್ದು ಆಗ. ಅದು ಇನ್ನೂ ಬೇಗ ಆಗಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಟೋಕಿಯೊದಲ್ಲಿ ಮೀರಾಬಾಯಿ ಚಾನು ಬೆಳ್ಳಿ ಗೆದ್ದಾಗ ನಮ್ಮಲ್ಲೂ ಒಂದು ಸುದ್ದಿ ಓಡಾಡಿತು ನೆನಪಿದೆಯಾ? ಚಿನ್ನ ಗೆದ್ದ ಚೀನಾದ ಹೋ ಜಿಹುಯಿ ಅವರನ್ನು ಮತ್ತೆ ಪರೀಕ್ಷೆ ಮಾಡ್ತಾರಂತೆ, ಮೀರಾಗೆ ಚಿನ್ನ ಬರುತ್ತಂತೆ ಅಂತ. ಅದರಲ್ಲಿ ಹುರುಳಿರಲಿಲ್ಲ. ಆದರೂ ಎಷ್ಟೋ ಜನ ಅದನ್ನೇ ಹಂಚಿಕೊಂಡರು. ನನಗೆ ಬೇಸರವಾಗಿತ್ತು. ಇನ್ನೊಬ್ಬರು ಸಿಕ್ಕಿಬೀಳಲಿ ಎಂದು ಕಾಯುವುದರಲ್ಲಿ ಮೀರಾ ಎತ್ತಿದ 202 ಕೆಜಿಯನ್ನೇ ನಾವು ಮರೆತುಬಿಟ್ಟಿದ್ದೆವು.

ಹಾಗಾದರೆ ಯಾಕೆ ನೋಡ್ತೀರಿ ಅಂತ ಕೇಳಿದರೆ, ಈ ಆಟದಲ್ಲಿ ನಾಲ್ಕನೇ, ಐದನೇ, ಆರನೇ ಸ್ಥಾನದವರನ್ನು ನೋಡುವುದಕ್ಕೇ ನೋಡುತ್ತೇನೆ. ಟಿವಿಯ ಕ್ಯಾಮೆರಾ ಕೊನೆಯ ಇಬ್ಬರ ಮೇಲೇ ಇರುತ್ತದೆ. ನಾನು ಲಂಡನ್ ಸ್ಪರ್ಧೆಯ ವಿಡಿಯೋ ಮತ್ತೆ ನೋಡುವಾಗ ಮೊದಲು ಹುಡುಕುವುದು ನ್ಜೆಸ್ಸೊ ಅವರ ಸರದಿಯನ್ನು. ನೀವೂ ಒಮ್ಮೆ ಅಲ್ಲಿಂದ ಶುರು ಮಾಡಿ ನೋಡಿ.