ಇಂಜಿನ್ ಬಿಚ್ಚಿ ನೋಡಿದ ಮೇಲೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಮೇಸ್ತ್ರಿ ನಮ್ಮ ಕಾರಿನ ಇಂಜಿನ್ ಆಯಿಲ್ ಮುಚ್ಚಳ ತೆಗೆದು ನನ್ನ ಮುಖದ ಮುಂದೆ ಹಿಡಿದರು. "ನೋಡ್ರಿ ಸರ, ಚಹಾ ಆಗೇತಿ." ನಿಜವಾಗಲೂ ಹಾಲು ಜಾಸ್ತಿಯಾದ ಚಹಾದ ಬಣ್ಣ. ರೇಡಿಯೇಟರ್ ನೀರು ಆಯಿಲ್‌ಗೆ ಸೇರಿದರೆ ಹಾಗಾಗುತ್ತದೆ. ಗದಗದಿಂದ ಬರುವಾಗ ಅಣ್ಣಿಗೇರಿ ದಾಟಿದ ಮೇಲೆ, ಇಂಜಿನ್ ತಂಪಾಗಿಡಲು ನೀರು ಸುತ್ತಿಸುವ ವಾಟರ್ ಪಂಪ್ ಕೈಕೊಟ್ಟಿತ್ತು. ಬಿಸಿ ತೋರಿಸುವ ಮುಳ್ಳು ಮೇಲೇರಿದ್ದು ಕಂಡ ತಕ್ಷಣ ನಿಲ್ಲಿಸಿದೆ. ಅಷ್ಟರಲ್ಲೇ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಭಾಗವಾದ ಬ್ಲಾಕಿಗೂ ನಡುವಿನ ಪದರ, ಹೋಗಿತ್ತು. ಹುಬ್ಬಳ್ಳಿಗೆ ಎಳೆಸಿಕೊಂಡು ಬಂದ ಕಥೆ ಬೇಡ ಬಿಡಿ.

ಗಾಡಿ 2010ರ ಡೀಸೆಲ್, ಕೆಎ-25 ನಂಬರು. ಅಪ್ಪ ರಿಟೈರ್ ಆದಾಗ ತಗೊಂಡಿದ್ದು. ರಿಪೇರಿ ಮಾಡಿಸೋಣ ಅಂತ ನಾನು, ಮಾರಿಬಿಡು ಅಂತ ಅಪ್ಪ. ಸಾಮಾನ್ಯವಾಗಿ ಉಲ್ಟಾ ಇರುತ್ತದೆ, ಅಲ್ವಾ?

ಹಳೇ ಗಾಡಿ ವ್ಯಾಪಾರದವರೊಬ್ಬರನ್ನು ಕೇಳಿದೆ. ಬಾನೆಟ್ ಕೂಡ ಎತ್ತಿಸದೆ "ಇದ್ದಂಗ ಕೊಡ್ರಿ, ನಲವತ್ತು ಸಾವಿರ" ಅಂದರು. ಓಡುವ ಗಾಡಿಯಾಗಿದ್ದರೆ ಒಂದೂಕಾಲು ಲಕ್ಷ ಬರುತ್ತಿತ್ತು. ಒಳಗೆ ಏನಾಗಿದೆಯೋ ಗೊತ್ತಿಲ್ಲದಾಗ ಕೊಳ್ಳುವವನು ಬ್ಲಾಕೇ ಸೀಳಿದೆ ಅಂತ ಲೆಕ್ಕ ಹಾಕುತ್ತಾನೆ. ಮೇಸ್ತ್ರಿ ಹೇಳಿದ್ದು ನನಗೆ ಸರಿ ಅನಿಸಿತು: "ಬಿಚ್ಚೋ ಕೂಲಿ ಅಷ್ಟ ಕೊಡ್ರಿ. ನೋಡಿ ಆಮ್ಯಾಲೆ ಬ್ಯಾಡಂದ್ರ ಬ್ಯಾಡ."

ಹೆಡ್ ಬಿಚ್ಚಿ ಒರೆಸಿ ಮೇಜಿನ ಮೇಲೆ ಮಗುಚಿ ಇಟ್ಟರು. ಅದರ ಮೇಲೆ ಸ್ಟೀಲ್ ಪಟ್ಟಿ ಅಡ್ಡ ಇಟ್ಟು, ಅಡಿಯಲ್ಲಿ ಸಂದು ಅಳೆಯುವ ತೆಳ್ಳನೆಯ ಫೀಲರ್ ಗೇಜ್ ತೂರಿಸಿದರು. ನಡುವೆ ಸಲೀಸಾಗಿ ಹೋಯಿತು. ಹೆಡ್ ಬಾಗಿದೆ. ಅದು ದೊಡ್ಡ ಮಾತಲ್ಲ, ಮಷಿನ್ ಶಾಪಿನಲ್ಲಿ ತಿಕ್ಕಿಸಿ ಮಟ್ಟ ಮಾಡಬಹುದು. ನನಗೆ ಖುಷಿಯಾಯಿತು. ಆಗ ಅವರು ನನ್ನ ಬೆರಳು ಹಿಡಿದು, ಪಿಸ್ಟನ್ ಓಡಾಡುವ ಮೂರನೇ ಸಿಲಿಂಡರಿನ ಗೋಡೆಗೆ ತಾಗಿಸಿದರು. "ಉಗುರು ಹಚ್ಚಿ ನೋಡ್ರಿ." ಉದ್ದಕ್ಕೆ ಒಂದು ಗೀರು. ಉಗುರು ಅಲ್ಲೇ ಸಿಕ್ಕಿಕೊಂಡಿತು. ಕಣ್ಣಿಗೆ ಕಂಡರೂ ಉಗುರಿಗೆ ಸಿಗದ ಗೀರಾದರೆ ಪರವಾಗಿಲ್ಲವಂತೆ. ಇದಕ್ಕೆ ಬೋರ್ ಮಾಡಿಸಬೇಕು, ಅಂದರೆ ಸಿಲಿಂಡರ್ ಒಳಗೆ ಕೊರೆಸಿ ಅಗಲ ಮಾಡಿಸಬೇಕು, ದೊಡ್ಡ ಸೈಜಿನ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಬೇಕು. ಎಲ್ಲಾ ಸೇರಿ ಎಂಬತ್ತು ಸಾವಿರದ ಹತ್ತಿರ.

ಮನೆಯಲ್ಲಿ ಅಪ್ಪ ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಲೆಕ್ಕ ಬರೆದರು. ಒಂದೂಕಾಲು ಲಕ್ಷದಲ್ಲಿ ಎಂಬತ್ತು ಕಳೆದರೆ ನಲವತ್ತೈದು. ಅಷ್ಟಕ್ಕೇ ನಿಲ್ಲಲಿಲ್ಲ. ಆರ್‌ಸಿಗೆ 15 ವರ್ಷ ತುಂಬಲು ಕೆಲವೇ ತಿಂಗಳು ಬಾಕಿ ಇತ್ತು. ಮುಂದಿನ 5 ವರ್ಷಕ್ಕೆ ನವೀಕರಿಸಲು ತಪಾಸಣೆ, ಫೀಸು, ಹಸಿರು ತೆರಿಗೆ. ಟೈರೂ ಸವೆದಿದ್ದವು. "ಎಂಬತ್ತು ಹಾಕಿದ ಮ್ಯಾಲೆ ನೀ ಹೆಂಗ ಮಾರತಿ? ಮನಸ್ಸ ಬರಂಗಿಲ್ಲ. ಇನ್ನೂ ಹಾಕ್ಕೋತ ಹೊಂಟಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ವ್ಯಾಪಾರದವರನ್ನು ಗ್ಯಾರೇಜಿಗೆ ಕರೆಸಿದೆ. ಬಿಚ್ಚಿದ ಇಂಜಿನ್ ಸುತ್ತ ಬಗ್ಗಿ ನೋಡಿ, ಬ್ಲಾಕ್ ಸೀಳಿಲ್ಲ ಅಂತ ಖಾತ್ರಿಯಾದ ಮೇಲೆ ಐವತ್ತೆರಡಕ್ಕೆ ಬಂದರು. ಬಿಚ್ಚಿದ ಕೂಲಿ ಕಳೆದರೂ ಲಾಭವೇ.

ಅಪ್ಪ ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಮಾಡಿದರು. ಗಾಡಿ ಒಪ್ಪಿಸಿದ ದಿನ, ಹೊತ್ತು ಬರೆದ ಚೀಟಿಗೆ ವ್ಯಾಪಾರದವರ ಸಹಿಯನ್ನೂ ತಗೊಂಡರು. "ಹೆಸರು ಬದಲಾಗೋ ಮಟ ಎಲ್ಲ್ಯರ ಗುದ್ದಿದ್ರ ನೋಟಿಸ್ ನನಗ ಬರತೈತ್ರಿ" ಅಂತ ಅವರ ಮುಂದೆಯೇ ಹೇಳಿದರು. ನಾನು ಗಾಜಿನ ಫಾಸ್ಟ್ಯಾಗ್ ಕಿತ್ತು, ಬ್ಯಾಂಕಿಗೆ ಹೇಳಿ ಬಂದ್ ಮಾಡಿಸಿದೆ. ಇಲ್ಲದಿದ್ದರೆ ಅವರು ಟೋಲ್ ದಾಟಿದಾಗೆಲ್ಲ ನನ್ನ ದುಡ್ಡು ಹೋಗುತ್ತಿತ್ತು.