ಎರಡೂ ಮನೆಯ ಮಗಳು

ತಾಯಿ ಆಫ್ರಿಕನ್ ಅಮೆರಿಕನ್, ತಂದೆ ನನ್ನ ಅಣ್ಣ, ರಜೆಗೆಂದು ದಾವಣಗೆರೆಗೆ ಬಂದಿರುವ ಆ ಹುಡುಗಿಯನ್ನು ನಿನ್ನೆ ಮದುವೆಮನೆಯಲ್ಲಿ ಹಿರಿಯರೊಬ್ಬರು "ಯಾವೂರವ್ವ ನಿಂದು?" ಎಂದು ಕೇಳಿದರು. "ದಾವಣಗೆರೆನೇ" ಎಂದು ಅವಳು ಸ್ಪಷ್ಟವಾಗಿ ಹೇಳಿದರೂ, "ಅದಲ್ಲ, ನಿಜವಾಗ್ಲೂ ಯಾವೂರು?" ಎಂಬ ಪ್ರಶ್ನೆ ಮತ್ತೆ ಬಂತು. ಅಮೆರಿಕದಲ್ಲೂ ಅವಳಿಗೆ ಇದೇ ಪಾಡಂತೆ.

ಅಲ್ಲಿ ಬಿಳಿಯರು ಬೇರೆ ಜನಾಂಗದವರನ್ನು ಮದುವೆಯಾಗಬಾರದೆಂಬ ರಾಜ್ಯಗಳ ಕಾನೂನುಗಳನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು 1967ರಲ್ಲಿ. ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಗುರುತಿಸಿಕೊಳ್ಳುವ ಅವಕಾಶ ಸಿಕ್ಕಿದ್ದು 2000ದಲ್ಲಿ. 2020ರ ವೇಳೆಗೆ ಹಾಗೆ ಗುರುತಿಸಿಕೊಂಡವರು ಸುಮಾರು 3.38 ಕೋಟಿ. ಆದರೆ ತಲೆಮಾರುಗಳಿಂದ ಉತ್ತರ ಕನ್ನಡದಲ್ಲಿ ಬದುಕುತ್ತಾ, ಕನ್ನಡ ಕೊಂಕಣಿಗಳನ್ನು ಮನೆಮಾತಿನಂತೆ ಆಡುವ ಆಫ್ರಿಕನ್ ಮೂಲದ ಸಿದ್ದಿ ಸಮುದಾಯದ ಯುವಜನರನ್ನೂ ನಮ್ಮದೇ ನಗರಗಳಲ್ಲಿ ವಿದೇಶಿಯರೆಂದು ಭಾವಿಸುವುದನ್ನು ನೆನೆದರೆ, ಇದನ್ನು ಬರೀ ಅಮೆರಿಕದ ಸಮಸ್ಯೆ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಕೇಳಿದವರಿಗೆ ಕೇಡಿನ ಉದ್ದೇಶವಿರಲಿಲ್ಲ, ಒಪ್ಪುತ್ತೇನೆ. ಆದರೂ ತನ್ನ ಊರನ್ನು ಪ್ರತಿಸಲವೂ ಸಾಬೀತುಪಡಿಸುವ ಹೊರೆಯನ್ನು ಹದಿನೇಳರ ಹುಡುಗಿಯ ಮೇಲೆ ಹೇರುವುದು ಅನ್ಯಾಯ. ಅವಳ ಮೊದಲ ಉತ್ತರವನ್ನೇ ದಯವಿಟ್ಟು ನಂಬಿರೆಂದು ಬಂಧುಬಳಗದವರನ್ನು ಕೇಳಿಕೊಳ್ಳುತ್ತೇನೆ.